ಮೇಷ್ಟ್ರು ಬಾಯಿ ತೆರೆದ ಫೋಟೊ

ನಮ್ಮೂರಲ್ಲಿ ಯಾರೂ ಒಂದು ವಿದ್ಯೆಯನ್ನು ಎರಡು ಸಲ ಕಲಿಸಲಾರರು. ಒಮ್ಮೆ ಹೇಳಿಕೊಟ್ಟರೆ ಮುಗಿಯಿತು. ವಿದ್ಯೆ ನಿಮ್ಮಲ್ಲೇ ಉಳಿದಿರುತ್ತದೆ, ಕೈ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ಆದರೆ ಇನ್ನೊಬ್ಬರಿಗೆ ಹೇಳಿಕೊಡೋಣ ಅಂತ ಬಾಯಿ ತೆರೆದರೆ ಒಂದು ಹಿಡಿ ಒಣ ಹಿಟ್ಟು ತುಂಬಿಕೊಂಡ ಹಾಗಾಗುತ್ತದೆ. ಮಾತು ಬೇಡ, ಮಾಡಿ ತೋರಿಸುತ್ತೇನೆ ಅಂತ ಹೊರಟರೂ ಅದೇ ಕಥೆ. ಎದುರಿಗಿರುವವರು ಕಲಿಯಲು ನೋಡುತ್ತಿದ್ದಾರೆ ಅಂತ ಕೈಗೆ ಹೇಗೋ ಗೊತ್ತಾಗಿ ಬೆರಳು ತಡವರಿಸುತ್ತದೆ.

ನಮ್ಮವ್ವ ಹೋಳಿಗೆ ತಟ್ಟುವುದನ್ನು ನಮ್ಮಕ್ಕನಿಗೆ ಕಲಿಸಿದ ದಿನ ನಾನು ಕಳೆದುಹೋದ ಎಮ್ಮೆ ಹುಡುಕಲು ಹೋಗಿದ್ದೆ. ಎಮ್ಮೆ ಸಿಕ್ಕಿತು, ಹೋಳಿಗೆ ಹೋಯಿತು. ಆಮೇಲೆ ಆರು ವರ್ಷ ಅಕ್ಕನ ಬಟ್ಟೆ ಒಗೆದು, ಅವಳ ಜಡೆ ಹಾಕಿ, ಅವಳಿಂದ ಕಲಿತುಕೊಂಡೆ. ಹೆಣ್ಣು ನೋಡಲು ಹೋದವರು ನಮ್ಮೂರಲ್ಲಿ ಒಡವೆ ಕೇಳುವ ಮೊದಲು ಹುಡುಗಿಯ ತಾಯಿಯ ಹತ್ತಿರ ಇನ್ನೂ ಏನೇನು ಉಳಿದಿದೆ ಅಂತ ಕೇಳುತ್ತಾರೆ. ಯಾರಾದರೂ ದೊಡ್ಡ ವಿದ್ಯೆಯೊಂದನ್ನು ಹೇಳಿಕೊಡುವುದಿದ್ದರೆ ಹಿಂದಿನ ದಿನವೇ ತಮಟೆ ಬಡಿಸುತ್ತಾರೆ. "ನಾಳೆ ಬೆಳಗ್ಗೆ ವೀರಾಚಾರಿ ಕುಡುಗೋಲಿಗೆ ಹಲ್ಲು ಕೊಡೋದು ಹೇಳಿಕೊಡ್ತಾರೆ, ಬೇಕಾದೋರು ಬಂದು ಕಲ್ತ್ಕೊಳ್ರಪ್ಪೋ!" ಬಂದವರಿಗೆ ಉಂಟು, ಮಲಗಿದವರಿಗೆ ಇಲ್ಲ.

ಇಂಥ ಊರಲ್ಲಿ ಶಾಲೆ ಹೇಗೆ ನಡೆಯುತ್ತದೆ ಅಂತ ನೀವು ಕೇಳಬಹುದು. ಕುಂಟುತ್ತಾ ನಡೆಯುತ್ತದೆ. ವರ್ಗವಾಗಿ ಬಂದ ಮೇಷ್ಟ್ರುಗಳು ಮೊದಲ ವರ್ಷ ಗಿಣಿಯ ಹಾಗೆ ಮಾತಾಡುತ್ತಾರೆ, ಎರಡನೇ ವರ್ಷ ಬೋರ್ಡಿನ ಮುಂದೆ ನಿಂತು ಕೆಮ್ಮುತ್ತಾರೆ, ಮೂರನೇ ವರ್ಷ ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ಹಾಗಾಗಿ ಹೋದ ವರ್ಷ ಕಲಿತ ಮಕ್ಕಳು ಈ ವರ್ಷದ ಮಕ್ಕಳಿಗೆ ಕಲಿಸುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಕೈಯಿಂದ ಕೈಗೆ ದಾಟಿದ ಸೋಪು ಸವೆಯದೆ ಇರುತ್ತದೆಯೇ? ಒಬ್ಬ ಮುಕ್ಕಾಲು ಅರ್ಥ ಮಾಡಿಕೊಂಡು ಹೇಳುತ್ತಾನೆ, ಕೇಳಿದವನು ಅದರ ಮುಕ್ಕಾಲು ಹಿಡಿಯುತ್ತಾನೆ. ಎಲ್ಲಕ್ಕಿಂತ ಹೆಚ್ಚು ಸವೆದದ್ದು ಭಿನ್ನರಾಶಿ. ಅರ್ಧಕ್ಕೆ ಮೂರರಲ್ಲಿ ಒಂದು ಪಾಲು ಸೇರಿಸಿದರೆ ಎಷ್ಟು ಅಂತ ನಮ್ಮೂರ ಯಾವ ಮಗುವನ್ನು ಕೇಳಿದರೂ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, "ಐದರಲ್ಲಿ ಎರಡು" ಅಂತ ಗಂಟೆ ಹೊಡೆದ ಹಾಗೆ ಹೇಳುತ್ತಿತ್ತು. ಅವರ ಅಪ್ಪಂದಿರೂ ಹಾಗೆಯೇ ಹೇಳುತ್ತಿದ್ದರು. ಏಳನೇ ತರಗತಿಯ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಮೂರು ವರ್ಷದಿಂದ ಸಾಲಾಗಿ ಅದೇ ಜಾಗದಲ್ಲಿ ಮುಗ್ಗರಿಸಿದ್ದರು. ಈ ವರ್ಷವೂ ಹತ್ತು ಮಕ್ಕಳಾದರೂ ದಾಟದಿದ್ದರೆ ನಿಮ್ಮ ಶಾಲೆಯ ಎಂಟನೇ ತರಗತಿಯನ್ನು ಮುಚ್ಚುತ್ತೇವೆ ಅಂತ ಮೇಲಿನಿಂದ ಕಾಗದ ಬಂತು.

ನಾನು ದ್ಯಾವಮ್ಮ. ಆ ಶಾಲೆಯಲ್ಲಿ ಹದಿನಾರು ವರ್ಷದಿಂದ ಮಧ್ಯಾಹ್ನದ ಅಡುಗೆ ಮಾಡುತ್ತೇನೆ. ಓದಿದ್ದು ಮೂರನೇ ತರಗತಿ. ಆ ವರ್ಷ ಏಳರಲ್ಲಿದ್ದ ಹದಿನೇಳು ಮಕ್ಕಳಲ್ಲಿ ನನ್ನ ಮಗಳ ಮಗಳು ಇಂದುಶ್ರೀಯೂ ಒಬ್ಬಳು. ಎಂಟನೇ ತರಗತಿ ಇಲ್ಲಿ ಮುಚ್ಚಿದರೆ ಇನ್ನೊಂದು ಶಾಲೆ ಇರುವುದು ಗುಡ್ಡದ ಆಚೆ, ಹದಿನಾಲ್ಕು ಮೈಲಿ ದೂರ. ಹೆಣ್ಣು ಮಕ್ಕಳನ್ನು ಯಾರು ಅಷ್ಟು ದೂರ ಕಳಿಸುತ್ತಾರೆ? ನಮ್ಮ ಅಳಿಯ ಆಗಲೇ, "ಓದಿದ್ದು ಸಾಕು ಬಿಡಿ, ಟೊಮೇಟೊ ತೋಟಕ್ಕೆ ಬರ್ತಾಳೆ" ಅನ್ನಲು ಶುರು ಮಾಡಿದ್ದ.

ಹೆಡ್‌ಮೇಡಂ ಶಮೀಮಾ ಹೊರಗಿನವರು, ಸಮಾಜ ಪಾಠದವರು. ಬಂದು ನಾಲ್ಕು ವರ್ಷವಾಗಿ ಬಾಯೆಲ್ಲ ಬರಿದಾಗಿದ್ದರೂ ವರ್ಗಾವಣೆ ಕೇಳದೆ ಉಳಿದಿದ್ದ ಒಂದೇ ಜೀವ. ಭಿನ್ನರಾಶಿಯ ಮಾತೆತ್ತಿದರೆ, "ಅಯ್ಯೋ, ನಾನೇ ಬಾಯಿಪಾಠ ಮಾಡಿ ಪಾಸಾದೋಳು" ಅಂತ ಒಪ್ಪಿಕೊಳ್ಳುವಷ್ಟು ಒಳ್ಳೆಯವರು. ಇಲಾಖೆಯವರು ಎರಡು ಟ್ಯಾಬ್ ಕಳಿಸಿದ್ದರು, ಅದರೊಳಗೆ ಪಾಠಗಳು ತುಂಬಿದ್ದವು. ಮೇಡಂ ಅದನ್ನು ಹಾಕಿ ಮಕ್ಕಳನ್ನು ಮುಂದೆ ಕೂರಿಸಿ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬ ಮನುಷ್ಯ ದುಂಡಗಿನ ಒಂದು ದಪ್ಪ ರೊಟ್ಟಿಯನ್ನು ಕತ್ತರಿಸಿ ಪಾಲು ಮಾಡುತ್ತಾ ಪುಸ್ತಕದ ಭಾಷೆಯಲ್ಲಿ ಓಡೋಡಿ ಮಾತಾಡುತ್ತಿದ್ದ. ಆ ರೊಟ್ಟಿಯ ಮೇಲೆ ಹಾಕಿದ್ದು ಏನು ಅಂತ ನಮ್ಮ ಮಕ್ಕಳು ಮೂರು ದಿನ ವಾದ ಮಾಡಿದರು. ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ಪಾಪ ಅವನಿಗೆ ಹೇಗೆ ಗೊತ್ತಿರಬೇಕು? ಸಿನಿಮಾ ನೋಡಿದ ಹಾಗೆ ನೋಡಿ, ಎದ್ದು ಬಂದು, "ಐದರಲ್ಲಿ ಎರಡು" ಅಂದರು. ಟ್ಯಾಬ್ ಬೀರು ಸೇರಿತು.

ಆಗ ಮೇಡಂ ತಲೆಗೆ ಒಂದು ಹೊಳೆಯಿತು. ನಮ್ಮೂರಿನವರೇ ಕಲಿಸುವುದನ್ನು ಫೋನಿನಲ್ಲಿ ಹಿಡಿದಿಟ್ಟರೆ? ಮೊದಲು ದರ್ಜಿ ಕರಿಯಪ್ಪನನ್ನು ಒಪ್ಪಿಸಿ ಅಂಗಿಗೆ ಕಾಜಾ ಹೊಲಿಯುವುದನ್ನು ವಿಡಿಯೊ ಮಾಡಿಕೊಂಡರು. ಮೂರು ಹುಡುಗಿಯರಿಗೆ ತೋರಿಸಿದರು, ಮೂವರೂ ಹೊಲಿದರು. ಮಾರನೇ ದಿನ ಇನ್ನೂ ನಾಲ್ಕು ಜನಕ್ಕೆ ತೋರಿಸಿದರು. ಫೋನಿನ ಬಾಯಿ ಒಣಗಲಿಲ್ಲ. ಕರಿಯಪ್ಪ ತನ್ನ ಮಾತನ್ನು ತಾನೇ ಕೇಳುತ್ತಾ ನಿಂತು, "ನನ್ ಬಾಯಾಗೆ ಬರ್ದೇ ಇರೋ ಮಾತು ಅಲ್ಲಿ ಹೆಂಗೆ ನೀರ್ ಹರ್ದಂಗೆ ಬತ್ತಾ ಐತೆ ನೋಡ್ರಿ!" ಅಂದ. ಅವನ ಕಣ್ಣಲ್ಲಿ ನೀರಿತ್ತು.

ಊರಲ್ಲಿ ಭಿನ್ನರಾಶಿಯನ್ನು ಸವೆಯದ ಹಾಗೆ ಇಟ್ಟುಕೊಂಡಿದ್ದವರು ಒಬ್ಬರೇ, ಗುರುಸಿದ್ದಯ್ಯ ಮೇಷ್ಟ್ರು. ನನಗೆ ಮೂರನೇ ತರಗತಿಯಲ್ಲಿ ಕಳೆಯುವ ಲೆಕ್ಕ ಕಲಿಸಿದವರು ಅವರೇ. ನಿವೃತ್ತಿಯಾಗಿ ಹದಿನೈದು ವರ್ಷವಾಗಿತ್ತು. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಖರ್ಚಾಗಿ, ಭಿನ್ನರಾಶಿ ಒಂದನ್ನು ಮಾತ್ರ ಬಿತ್ತನೆ ಜೋಳದ ಹಾಗೆ ನಲವತ್ತು ವರ್ಷ ಕಾಪಾಡಿಕೊಂಡಿದ್ದರು. ತಕ್ಕ ತರಗತಿ ಬರಲಿ ಅಂತ ಕಾದರು. ಬಂದ ತರಗತಿಯಲ್ಲೆಲ್ಲ ಒಬ್ಬನಾದರೂ ತೂಕಡಿಸುವವನಿದ್ದ. ಮೇಡಂ ಮೇಷ್ಟ್ರ ಮನೆಗೆ ಎಂಟು ಸಲ ನಡೆದರು. ಒಂಬತ್ತನೇ ಸಲ ಮೇಷ್ಟ್ರು ತಾವೇ ಶಾಲೆಗೆ ಬಂದು ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು.

"ಮಕ್ಕಳು ಒಬ್ಬರೂ ಇರಬಾರದು. ಒಂದು ಸೀನು, ಒಂದು ಕೆಮ್ಮು ಬಿದ್ದರೂ ಪಾಠ ಕೆಟ್ಟುಹೋಗ್ತದೆ, ನನ್ನ ಹತ್ತಿರ ಇನ್ನೊಂದು ಇಲ್ಲ. ಆದರೆ ಆ ಕರಿ ಗಾಜಿನ ಮುಖ ನೋಡಿಕೊಂಡು ನಾನು ಮಾತಾಡಲಾರೆ. ಹಿಂದುಗಡೆ ಒಂದು ಮನುಷ್ಯರ ಮುಖ ಬೇಕು."

"ನಮ್ಮ ದ್ಯಾವಮ್ಮ ಕೂರ್ತಾರೆ ಸಾರ್" ಅಂದರು ಮೇಡಂ. "ಅವರಿಗೆ ಹೇಗೂ ಅರ್ಥ ಆಗೋದಿಲ್ಲ. ಪಾಠ ಪೂರ್ತಿ ಫೋನಿಗೇ ಹೋಗುತ್ತೆ."

ನಾನು ಬೇಳೆ ಆರಿಸುತ್ತಾ ಅಲ್ಲೇ ಕೂತಿದ್ದೆ. ಬೇಜಾರಾಯಿತೇ ಅಂತ ಕೇಳಿದರೆ, ಸ್ವಲ್ಪ ಆಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಾದರೂ ಇದೆ ಅಂತ ನನಗೂ ಅನ್ನಿಸಲಿಲ್ಲ.

ಭಾನುವಾರ ಶಾಲೆಯ ಸುತ್ತ ಸದ್ದೇ ಇರದ ಹಾಗೆ ಮಾಡಿದರು. ನಾಯಿಗಳನ್ನು ಕೆರೆಯ ಕಡೆ ಅಟ್ಟಿದರು. ಮೇಡಂ ಫೋನನ್ನು ನನ್ನ ಅನ್ನದ ಪಾತ್ರೆ ಬೋರಲು ಹಾಕಿ ಅದರ ಮೇಲೆ ಮುದ್ದೆ ಕೋಲಿಗೆ ಕಟ್ಟಿ ನಿಲ್ಲಿಸಿದರು. "ನಾನು ಗೇಟಿನ ಹತ್ತಿರ ಯಾರೂ ಬರದ ಹಾಗೆ ಕಾಯ್ತೀನಿ. ಸಾರ್ ಶುರು ಮಾಡಿದ ತಕ್ಷಣ ಕೆಳಗಿರೋ ಈ ದುಂಡನ್ನ ಒಂದು ಸಲ ಮುಟ್ಟಿ, ಅಷ್ಟೇ. ಆಮೇಲೆ ಕೈ ಹಚ್ಚಬೇಡಿ. ಅವರ ಮುಖ ನೋಡ್ತಾ ತಲೆ ಆಡಿಸ್ತಾ ಇರಿ."

ಮೇಡಂ ಹೋದರು. ಮೇಷ್ಟ್ರು ಬಿಳಿ ಅಂಗಿ ಹಾಕಿಕೊಂಡು ಬೋರ್ಡಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡರು. ಆಗ ನೋಡಿದೆ, ಫೋನಿನ ಗಾಜಿನ ಮೇಲೆ, ಕೋಲಿಗೆ ಕಟ್ಟುವಾಗ ಹಿಡಿದುಕೊಂಡಿದ್ದ ನನ್ನ ಬೆರಳಿನ ಅರಿಸಿನದ ಕಲೆ. ಇಷ್ಟು ದೊಡ್ಡ ವಿದ್ಯೆ ಹೋಗುವ ದಾರಿಯಲ್ಲಿ ಕೊಳೆ ಇರಬಾರದು ಅಂತ ಸೆರಗಿನಿಂದ ಎರಡು ಸಲ ಚೆನ್ನಾಗಿ ಒರೆಸಿದೆ. ಆಮೇಲೆ ದುಂಡನ್ನು ಮುಟ್ಟಿದೆ. ಅದು "ಟಿಕ್" ಅಂದಿತು. ಹೂಂ ಅಂದಿತಲ್ಲ, ಸದ್ಯ, ಅಂದುಕೊಂಡೆ.

ಮೇಷ್ಟ್ರು ಒಂದೂವರೆ ಗಂಟೆ ಕಲಿಸಿದರು. ನಾನು ಮೊದಮೊದಲು ಮೇಡಂ ಹೇಳಿದರು ಅಂತ ತಲೆ ಆಡಿಸಿದೆ. ಆಮೇಲೆ ಯಾವಾಗ ಅಂತ ಗೊತ್ತಿಲ್ಲ, ತಲೆ ತಾನೇ ಆಡಲು ಶುರುವಾಯಿತು. ಒಂದು ಕಡೆ ನನ್ನ ಹುಬ್ಬು ಗಂಟಾಗಿರಬೇಕು, ಮೇಷ್ಟ್ರು ಅಲ್ಲೇ ನಿಂತು ಅದನ್ನೇ ಇನ್ನೊಂದು ದಾರಿಯಿಂದ ಬಿಡಿಸಿದರು. ಪಾಠ ಮುಗಿದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಹಗುರಾಯ್ತು ಕಣೇ ದ್ಯಾವಿ" ಅಂದರು.

ಮೇಡಂ ಓಡಿ ಬಂದು ಫೋನ್ ಬಿಚ್ಚಿಕೊಂಡರು. ಒತ್ತಿದರು, ಮತ್ತೆ ಒತ್ತಿದರು. ಅವರ ಮುಖ ಬೆಂದ ಬದನೆಕಾಯಿಯಂತೆ ಕುಸಿಯಿತು. "ದ್ಯಾವಮ್ಮ, ಇದು... ಇದು ಫೋಟೊ."

ಒಂದೇ ಒಂದು ಫೋಟೊ. ಮೇಷ್ಟ್ರು ಬೆರಳೆತ್ತಿ, ಬಾಯಿ ತೆರೆದು ನಿಂತಿದ್ದಾರೆ. ಹಿಂದೆ ಖಾಲಿ ಬೋರ್ಡು. ನಾನು ಗಾಜು ಒರೆಸಿದಾಗ ವಿಡಿಯೊ ಇದ್ದದ್ದು ಪಕ್ಕಕ್ಕೆ ಸರಿದು ಫೋಟೊಗೆ ಹೋಗಿತ್ತಂತೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಫೋನ್ ಇಸಿದುಕೊಂಡು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. "ಹಲ್ಲು ಇನ್ನೂ ಪರವಾಗಿಲ್ಲ ಅಲ್ವೇನೇ?" ಅಂದರು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಊರು ಬೈಯಿತು. ನಲ್ಲಿಯ ಹತ್ತಿರ ನಾನು ಬಿಂದಿಗೆ ಇಟ್ಟರೆ, "ನಲವತ್ ವರ್ಸದ ವಿದ್ಯೆ ಒಂದು ಟಿಕ್ಕಿಗೆ ಹೋಯ್ತಲ್ಲಮ್ಮ" ಅಂತ ಒಬ್ಬಳು, "ಒಲೆ ಒರ್ಸೋ ಕೈಗೆ ಫೋನ್ ಕೊಟ್ರೆ ಇನ್ನೇನಾಗ್ತದೆ" ಅಂತ ಇನ್ನೊಬ್ಬಳು. ಇಂದುಶ್ರೀ ಎರಡು ದಿನ ನನ್ನ ಕೈಯಿಂದ ಬಡಿಸಿಕೊಳ್ಳದೆ ತಾನೇ ಬಡಿಸಿಕೊಂಡಳು.

ಮೂರನೇ ದಿನ ಅಡುಗೆ ಕೋಣೆಯಲ್ಲಿ ಮಜ್ಜಿಗೆ ಬೆರೆಸುತ್ತಿದ್ದೆ. ಒಂದೇ ಅಳತೆಯ ಎರಡು ಪಾತ್ರೆ. ಒಂದರಲ್ಲಿ ಅರ್ಧ ಮಜ್ಜಿಗೆ, ಇನ್ನೊಂದರಲ್ಲಿ ಮೂರರಲ್ಲಿ ಒಂದು ಪಾಲು. ಎರಡನ್ನೂ ಒಂದಕ್ಕೇ ಸುರಿದರೆ ಹೊತ್ತುಕೊಂಡು ಹೋಗಲು ಸುಲಭ. ಇಂದುಶ್ರೀ ಲೋಟ ಜೋಡಿಸುತ್ತಾ, "ಸುರಿ ಅಜ್ಜಿ, ಐದರಲ್ಲಿ ಎರಡು ಆಗ್ತದೆ, ಚೆಲ್ಲಲ್ಲ" ಅಂದಳು.

"ಥೂ ಹುಚ್ಚಿ! ಅರ್ಧ ಪಾತ್ರೆ ಇರೋದಕ್ಕೆ ಇನ್ನೊಂದಿಷ್ಟು ಸುರಿದ್ರೆ ಅರ್ಧಕ್ಕಿಂತ ಕಮ್ಮಿ ಆಗ್ತದೇನೇ?" ಅಂದೆ. ಅದು ನನಗೆ ಮೊದಲೂ ಗೊತ್ತಿತ್ತು. ಅಡುಗೆಯವರು ಯಾರೂ ಶಾಲೆಯ ಲೆಕ್ಕ ನಂಬಿದವರಲ್ಲ, ಅದು ಪರೀಕ್ಷೆಯ ಲೆಕ್ಕ, ಇದು ಪಾತ್ರೆಯ ಲೆಕ್ಕ ಅಂತ ಸುಮ್ಮನಿದ್ದೆವು. ಆದರೆ ಆವತ್ತು ಇನ್ನೊಂದು ನಡೆಯಿತು. ಸುರಿಯುವ ಮೊದಲೇ ಮಜ್ಜಿಗೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನನಗೆ ಗೊತ್ತಾಯಿತು. ಅಂದಾಜಲ್ಲ, ಲೆಕ್ಕ. ಇದ್ದಿಲ ಚೂರು ತೆಗೆದುಕೊಂಡು ಪಾತ್ರೆಯ ಒಳಬದಿಗೆ ಒಂದು ಗೆರೆ ಎಳೆದೆ. ಸುರಿದೆ. ಮಜ್ಜಿಗೆ ಗೆರೆಗೆ ಬಂದು ನಿಂತಿತು.

ಇಂದುಶ್ರೀ ಲೋಟ ಕೆಳಗಿಟ್ಟಳು. "ಅಜ್ಜೀ, ನಿಂಗೆ ಹೆಂಗೆ ಗೊತ್ತಾಯ್ತು?"

ಹೇಳೋಣ ಅಂತ ಬಾಯಿ ತೆರೆದವಳು ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಮೇಷ್ಟ್ರ ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ, ನನ್ನೊಳಗೆ ಬಂದು ಕೂತಿತ್ತು. ಒಂದು ಮಾತು ಜಾರಿದ್ದರೆ ಮಜ್ಜಿಗೆ ಪಾತ್ರೆಯ ಮುಂದೆ, ಒಬ್ಬಳೇ ಹುಡುಗಿಗೆ, ಅರೆಬರೆಯಾಗಿ ಖರ್ಚಾಗಿ ಹೋಗುತ್ತಿತ್ತು.

ಬಡಿಸಿದ್ದು ಮುಗಿದ ಕೂಡಲೇ ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಹಳೆಯ ಛತ್ರಿ ರಿಪೇರಿ ಮಾಡುತ್ತಿದ್ದರು.

"ಮೇಷ್ಟ್ರೇ, ನಂಗೆ ಬಂದ್ಬಿಟ್ಟೈತೆ ಅನ್ಸುತ್ತೆ."

"ಏನು, ಜ್ವರನಾ?"

"ಭಿನ್ನರಾಶಿ."

ಅವರು ಛತ್ರಿ ಕೆಳಗಿಟ್ಟರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ಒಳಗಡೆ ಸ್ಲೇಟಿದೆ, ತಗೊಂಬಾ. ನಾನು ಹೇಳಿಕೊಡಲಾರೆ. ಆದರೆ ಲೆಕ್ಕ ಕೊಡೋದು ಕಲಿಸಿದಂಗಲ್ಲ" ಅಂದರು.

ಇಪ್ಪತ್ತು ಲೆಕ್ಕ ಕೊಟ್ಟರು. ಏಳು ತಪ್ಪಾದವು. ಯಾಕೆ ತಪ್ಪು ಅಂತ ಹೇಳಲು ಅವರು ಬಾಯಿ ತೆರೆದರೆ ಹಿಟ್ಟು. ಸಿಟ್ಟಿನಿಂದ ಸ್ಲೇಟಿನ ಮೇಲೆ ಬೆರಳಿಟ್ಟು ಕುಟ್ಟಿದರು, ನಾನು ಎಡವಿದ ಜಾಗದಲ್ಲೇ. ಬೆರಳು ತಡವರಿಸಲಿಲ್ಲ. ಇಬ್ಬರೂ ಆ ಬೆರಳನ್ನೇ ನೋಡಿದೆವು.

"ಏನೇ ಇದು?"

"ಎಡವಿದ್ ಜಾಗ ತೋರ್ಸೋದು ಕಲ್ಸೋದಲ್ಲವೇನೋ ಮೇಷ್ಟ್ರೇ" ಅಂದೆ. "ತಟ್ಟೇಲಿ ಕಲ್ಲೈತೆ ಅನ್ನೋದು ಅಡುಗೆ ಕಲ್ಸಿದಂಗಾ?"

ಮನೆಗೆ ಬಂದು ಸೌಟು, ಪಾವು ಇಟ್ಟುಕೊಂಡು ಆ ಏಳನ್ನು ನಾನೇ ಬಿಡಿಸಿದೆ. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೊಂದನೇ ದಿನ ಇಪ್ಪತ್ತಕ್ಕೆ ಇಪ್ಪತ್ತು ಸರಿಯಾದಾಗ ಮೇಷ್ಟ್ರು ಸ್ಲೇಟನ್ನು ಅಂಗಿಗೆ ಒತ್ತಿಕೊಂಡು ಕೂತರು. ಅಂಗಿ ಪೂರ್ತಿ ಬಳಪದ ಬಿಳುಪು. "ನಲವತ್ತು ವರ್ಷ ತೂಕಡಿಸದೇ ಇರೋ ಶಿಷ್ಯರು ಬೇಕು ಅಂತ ಕಾದೆ ಕಣೇ. ಸಾರು ಕುದಿಸ್ಕೊಂಡು ಪಕ್ಕದ ಕೋಣೇಲೇ ಇದ್ದೆಯಲ್ಲ ನೀನು."

ಶಮೀಮಾ ಮೇಡಂಗೆ ವಿಷಯ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನನ್ನ ಕೈ ಹಿಡಿದುಕೊಂಡರು. "ಅರ್ಥ ಆಗೋದಿಲ್ಲ ಅಂದುಬಿಟ್ಟಿದ್ದೆ. ನನ್ನ ನಾಲಿಗೆಗೆ ಏನು ಹೇಳಲಿ ದ್ಯಾವಮ್ಮ."

"ಅದಕ್ಕೇನ್ ಬಿಡಿ, ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಒಂದು ಮಾತು ಮೇಡಮ್ನೋರೆ. ನಾನ್ ಹೇಳೋವಾಗ ಹದಿನೇಳು ಮಕ್ಕಳೂ ಎದುರಿಗೆ ಕೂತಿರ್ಬೇಕು."

"ಗಲಾಟೆ ಆಗುತ್ತೆ, ವಿಡಿಯೊ ಕೆಡುತ್ತೆ..."

"ಕೆಟ್ರೆ ಕೆಡ್ಲಿ. ತಟ್ಟೆ ನೋಡ್ದೆ ನಾನು ಇವತ್ತಿನ್ವರ್ಗೂ ಯಾರ್ಗೂ ಬಡ್ಸಿಲ್ಲ."

ತಮಟೆ ಬಡಿಸಿದರು. ಅಡುಗೆ ದ್ಯಾವಮ್ಮ ಭಿನ್ನರಾಶಿ ಹೇಳಿಕೊಡುತ್ತಾಳೆ ಅಂತ ಕೇಳಿ ಊರು ಒಂದು ಸಲ ನಕ್ಕಿತು, ಆಮೇಲೆ ಕಿಟಕಿಗಳಲ್ಲೆಲ್ಲ ಬಂದು ತುಂಬಿಕೊಂಡಿತು. ಈ ಸಲ ಮೇಡಂ ಮೂರು ಫೋನ್ ಕಟ್ಟಿದರು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಮೂರರಲ್ಲೂ ವಿಡಿಯೊ ಅಂತ ಬರೆದಿರುವುದನ್ನು ನನ್ನಿಂದಲೇ ಓದಿಸಿದರು. ಓಡುತ್ತಿದ್ದರೆ ಮೇಲ್ಗಡೆ ಕೆಂಪು ಅಂಕಿ ಎಣಿಸುತ್ತಾ ಹೋಗುತ್ತದೆ ಅಂತ ತೋರಿಸಿದರು. ಆ ಅಂಕಿ ನಿಂತರೆ ಕೂಗು ಹಾಕುವ ಕೆಲಸ ಗುರುಸಿದ್ದಯ್ಯ ಮೇಷ್ಟ್ರದು. ಅವರು ಮೂರು ಫೋನಿನ ಮುಂದೆ ಮೂರು ಒಲೆಯ ಮೇಲೆ ಹಾಲು ಕಾಯಿಸುವವರ ಹಾಗೆ ಕಣ್ಣು ಮಿಟುಕಿಸದೆ ಕೂತರು. ನನ್ನ ಸೆರಗನ್ನು ಮೇಡಂ ಮುಂಚೆಯೇ ಸೊಂಟಕ್ಕೆ ಬಿಗಿದು ಸಿಕ್ಕಿಸಿಬಿಟ್ಟಿದ್ದರು.

ಆವತ್ತು ನಾನು ಏನು ಹೇಳಿದೆ ಅನ್ನುವುದನ್ನು ನಿಮಗೆ ಹೇಳಲಾರೆ. ಈಗ ಹೇಳಲು ಹೊರಟರೂ ನಾಲಿಗೆ ಒಣಗುತ್ತದೆ. ಸುತ್ತಮುತ್ತಲಿನದು ಹೇಳಬಲ್ಲೆ. ಎರಡು ಪಾತ್ರೆ, ಒಂದು ದೊಡ್ಡ ಸೌಟು, ಒಂದು ಚಿಕ್ಕ ಸೌಟು, ಒಂದು ಇದ್ದಿಲ ಚೂರು ಇಟ್ಟುಕೊಂಡಿದ್ದೆ. ಮೂರು ದೋಸೆ ಹುಯ್ದು ತಂದಿದ್ದೆ, ಪಾಠ ಮುಗಿಯುವ ಹೊತ್ತಿಗೆ ಒಂದೂ ಉಳಿಯಲಿಲ್ಲ. ಐದು ಜನ ಸೀನಿದರು. ಬೆಕ್ಕು ಒಂದು ಸಲ ಬಂದು ಪಾತ್ರೆ ಮೂಸಿತು. ಹಿಂದಿನ ಸಾಲಿನ ಒಬ್ಬಳು, "ಅಂದ್ರೆ ಇಷ್ಟು ದಿನ ನಾವು ಸುರಿದೂ ಸುರಿದೂ ಕಮ್ಮಿ ಮಾಡ್ತಿದ್ವಾ!" ಅಂತ ಕೂಗಿದಾಗ ಕಿಟಕಿಗಳೆಲ್ಲ ನಕ್ಕವು, ಅಪ್ಪಂದಿರು ತಲೆ ಕೆರೆದುಕೊಂಡರು. ಒಂದೊಂದೇ ಮುಖ ದೀಪ ಹಚ್ಚಿದ ಹಾಗೆ ಬೆಳಗುತ್ತಾ ಬಂತು. ನಾನು ಎಣಿಸುತ್ತಲೇ ಇದ್ದೆ. ಹನ್ನೆರಡು, ಹದಿಮೂರು. ಮಾತೆಲ್ಲ ಖಾಲಿಯಾಗಿ ಬಾಯಿಗೆ ಹಿಟ್ಟಿನ ರುಚಿ ಬಂದಾಗ ಇನ್ನೂ ನಾಲ್ಕು ಮುಖ ಬೆಳಗದೆ ಉಳಿದಿದ್ದವು. ಅದರಲ್ಲಿ ಒಂದು ಇಂದುಶ್ರೀಯದು.

ಅವಳು ತಲೆ ತಗ್ಗಿಸಿ ಕೂತಿದ್ದಳು. ನನ್ನ ಮನೆಯ ತಟ್ಟೆಯೇ ಬರಿದು, ನನ್ನ ಪಾತ್ರೆಯೂ ಬರಿದು. ಹತ್ತಿರ ಹೋಗಿ ಏನೋ ಹೇಳಬೇಕು ಅಂದುಕೊಂಡೆ, ಬರೀ ಕೆಮ್ಮು ಬಂತು.

ಆದರೆ ಮೇಷ್ಟ್ರು ಕೂಗು ಹಾಕಿರಲಿಲ್ಲ. ಮೂರು ಫೋನಿನಲ್ಲೂ ಅಂಕಿ ಕೊನೆಯ ತನಕ ಓಡಿತ್ತು.

ಮಾರನೇ ದಿನ ಮೇಡಂ ಅದನ್ನು ಶಾಲೆಯ ಟಿವಿಗೆ ಸೇರಿಸಿ ಆ ನಾಲ್ಕು ಮಕ್ಕಳಿಗೆ ಹಾಕಿದರು. ಇಂದುಶ್ರೀ ಒಂದು ಸಲ ನೋಡಿದಳು, ಎರಡು ಸಲ ನೋಡಿದಳು. ಆಯ್ತಾ ಅಂದರೆ ತಲೆ ಆಡಿಸಿದಳು. ಲೆಕ್ಕ ಕೊಟ್ಟರೆ ಐದರಲ್ಲಿ ಎರಡು. ಇದೂ ಟ್ಯಾಬಿನ ರೊಟ್ಟಿಯ ಹಾಗೇ ಆಯಿತಲ್ಲ ಅಂತ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಫೋನಿಗೆ ಬಾಯಿದೆ, ಕಣ್ಣಿಲ್ಲ. ನಾನು ಟಿವಿಯೊಳಗೆ ಸೌಟು ಹಿಡಿದು ಹೇಳುತ್ತಲೇ ಇದ್ದೇನೆ, ಇವಳು ಎಡವಿ ಬಿದ್ದದ್ದು ಆ ದ್ಯಾವಮ್ಮನಿಗೆ ಕಾಣುವುದಿಲ್ಲ.

"ಮೇಷ್ಟ್ರನ್ನ ಕರ್ಸಿ ಮೇಡಮ್ನೋರೆ" ಅಂದೆ.

"ಅವರು ಹೇಳಿಕೊಡಲಾರರಲ್ಲ."

"ಹೇಳ್ಕೊಡೋದ್ ಬೇಡ. ನಿಲ್ಸೋಕೆ ಬರ್ತದಲ್ಲ?"

ಮೇಷ್ಟ್ರು ಬಂದರು. ವಿಡಿಯೊ ನಿಲ್ಲಿಸುವುದು, ಹಿಂದಕ್ಕೆ ಎಳೆಯುವುದು ಮೇಡಂ ತೋರಿಸಿಕೊಟ್ಟರು. ಅದು ಮೇಡಂ ಇನ್ನೂ ಯಾರಿಗೂ ಕಲಿಸದೆ ಉಳಿಸಿಕೊಂಡಿದ್ದ ವಿದ್ಯೆ, ಸಲೀಸಾಗಿ ಬಂತು. ಮೇಷ್ಟ್ರು ಇಂದುಶ್ರೀಯ ಪಕ್ಕ ಮಣೆ ಹಾಕಿಕೊಂಡು ಕೂತರು. ಟಿವಿಯ ಕಡೆ ತಿರುಗಿಯೂ ನೋಡಲಿಲ್ಲ, ಅವಳ ಕಣ್ಣನ್ನೇ ನೋಡಿದರು. ಒಂದು ಕಡೆ ಅವಳ ಕಣ್ಣು ಒಂದು ಗಳಿಗೆ ಪಕ್ಕಕ್ಕೆ ಜಾರಿತು. ಮೇಷ್ಟ್ರ ಬೆರಳು ಟಪ್ಪನೆ ಬಿತ್ತು, ಟಿವಿಯೊಳಗೆ ನಾನು ಸೌಟೆತ್ತಿ ಹಾಗೇ ನಿಂತೆ. ಅವರು ಹಿಂದಕ್ಕೆ ಎಳೆದು, ಬಿಟ್ಟು, ಮತ್ತೆ ಅಲ್ಲೇ ನಿಲ್ಲಿಸಿದರು. "ಈಗ ಹೇಳು ಕೂಸೇ, ಅಜ್ಜಿ ಕೈಯಲ್ಲಿರೋ ಸೌಟು ಎಷ್ಟು ದೊಡ್ಡದು?" ಅಂತ ಕೇಳಿದರು. ಕೇಳುವುದಕ್ಕೆ ನಾಲಿಗೆ ಒಣಗಲಿಲ್ಲ.

"ಆಗ್ಲೇ ದೊಡ್ಡ ಸೌಟು ಇತ್ತಲ್ಲ ಸಾರ್. ಈಗ ಚಿಕ್ಕದು. ಯಾಕೆ ಬದಲಾಯಿಸಿದ್ಲು?"

ಮೇಷ್ಟ್ರು ಉತ್ತರ ಕೊಡಲಿಲ್ಲ, ಕೊಡಲಾರರು. ಇನ್ನೊಂದಿಷ್ಟು ಹಿಂದಕ್ಕೆ ಎಳೆದು ಬಿಟ್ಟರು. ನಾಲ್ಕನೇ ಸಲ ಸೌಟು ಬದಲಾಗುವ ಹೊತ್ತಿಗೆ ಇಂದುಶ್ರೀ ಮಣೆಯ ಮೇಲೆ ನೆಟ್ಟಗೆ ಕೂತಳು. "ಓ!" ಅಂದಳು. ಸ್ಲೇಟು ಎಳೆದುಕೊಂಡು ಬರೆಯತೊಡಗಿದಳು. ಮೇಷ್ಟ್ರು ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿ, ತಮ್ಮ ಬೆರಳನ್ನು ಮೇಲೆತ್ತಿ ತೋರಿಸಿದರು. ಅವರ ಕಣ್ಣು ಕರಿಯಪ್ಪನ ಕಣ್ಣಿನ ಹಾಗಾಗಿತ್ತು.

ಆಮೇಲೆ ನಮ್ಮ ಶಾಲೆಯ ಚಹರೆಯೇ ಬೇರೆಯಾಯಿತು. ಬಾಯಿ ಬರಿದಾಗಿ ಮನೆಯಲ್ಲಿ ಕೂತಿದ್ದ ಹಳೆಯ ಮೇಷ್ಟ್ರು, ಟೀಚರುಗಳು ಒಬ್ಬೊಬ್ಬರೇ ಬಂದರು. ಒಬ್ಬೊಬ್ಬ ಮಗುವಿನ ಪಕ್ಕ ಒಬ್ಬೊಬ್ಬರು, ಕೈಯಲ್ಲಿ ಫೋನು. ಹೇಳುವ ಕೆಲಸ ಫೋನಿನದು, ನೋಡುವ ಕೆಲಸ ಇವರದು. ಯಾವ ಜಾಗದಲ್ಲಿ ಮಗುವಿನ ಕಣ್ಣು ಜಾರುತ್ತದೆ ಅನ್ನುವುದು ನಲವತ್ತು ವರ್ಷ ಮಕ್ಕಳ ಮುಖ ನೋಡಿದವರಿಗೆ ತಾನೇ ಗೊತ್ತು. ಬೀರುವಿನಲ್ಲಿದ್ದ ಟ್ಯಾಬುಗಳೂ ಹೊರಗೆ ಬಂದವು. ರೊಟ್ಟಿಯವನ ಪಾಠವನ್ನು ಅಲ್ಲಲ್ಲಿ ನಿಲ್ಲಿಸಿ ನೋಡಿದರೆ ಅವನೂ ಕೆಟ್ಟ ಮೇಷ್ಟ್ರೇನಲ್ಲ ಅಂತ ಗೊತ್ತಾಯಿತು, ಬಾಯಿ ಸ್ವಲ್ಪ ಜೋರು ಅಷ್ಟೇ. ಆ ರೊಟ್ಟಿಯ ಮೇಲೆ ಹಾಕಿದ್ದು ಏನು ಅನ್ನುವುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಪರೀಕ್ಷೆಯಲ್ಲಿ ಹದಿನೈದು ಮಕ್ಕಳು ದಾಟಿದರು. ಉಳಿದ ಇಬ್ಬರು ಭಿನ್ನರಾಶಿ ಸರಿ ಮಾಡಿ ಇನ್ನೆಲ್ಲೋ ಎಡವಿದ್ದರು, ಅದಕ್ಕೂ ವಿಡಿಯೊ ಆಗುತ್ತಿದೆ. ಎಂಟನೇ ತರಗತಿ ಉಳಿಯಿತು. ಬಾಯಿ ತೆರೆದ ಮೇಷ್ಟ್ರ ಫೋಟೊಗೆ ಮೇಡಂ ಕಟ್ಟು ಹಾಕಿಸಿ ಆ ಕೋಣೆಯ ಗೋಡೆಗೆ ತೂಗುಹಾಕಿದ್ದಾರೆ. ಮೇಷ್ಟ್ರು ಪ್ರತಿ ದಿನ ಒಳಗೆ ಬರುವಾಗ ಅದರ ಮುಂದೆ ನಿಂತು ತಲೆಗೂದಲು ಸರಿ ಮಾಡಿಕೊಳ್ಳುತ್ತಾರೆ.

ಎಂಟನೇ ತರಗತಿಯ ಮೊದಲ ದಿನ ಇಂದುಶ್ರೀ ಹೊಸ ಚೀಲ ಹಾಕಿಕೊಂಡು ಅಡುಗೆ ಕೋಣೆಗೆ ಬಂದಳು. ನಾನು ಮಜ್ಜಿಗೆ ಸುರಿಯಲು ಪಾತ್ರೆ ಎತ್ತಿದ್ದೆ. "ತಡಿ ಅಜ್ಜಿ" ಅಂದಳು. ಎರಡೂ ಪಾತ್ರೆಯೊಳಗೆ ಬಗ್ಗಿ ನೋಡಿ, ಇದ್ದಿಲ ಚೂರು ತೆಗೆದುಕೊಂಡು ಒಂದು ಗೆರೆ ಎಳೆದಳು. "ಈಗ ಸುರಿ."

ಸುರಿಯುತ್ತಾ ಕೇಳಿದೆ, "ಅಲ್ವೇ, ನಿನ್ ಹತ್ರ ಈಗ ಭಿನ್ನರಾಶಿ ಹಂಗೇ ಐತಲ್ಲ. ಯಾರ್ಗೆ ಹೇಳ್ಕೊಡ್ತೀಯೇ?"

"ಇನ್ನೂ ಯೋಚ್ನೆ ಮಾಡಿಲ್ಲಜ್ಜಿ" ಅಂದಳು, ಲೋಟ ಜೋಡಿಸುತ್ತಾ. "ಫೋನಲ್ಲಿ ನೀನು ಹೇಳ್ತಾನೇ ಇದ್ದೀಯಲ್ಲ, ಅವಸರ ಏನೈತೆ?"

ಆ ಮಾತನ್ನು ನಮ್ಮೂರಲ್ಲಿ ಯಾರೂ ಅಂದದ್ದನ್ನು ನಾನು ಕೇಳಿರಲಿಲ್ಲ. ಮಜ್ಜಿಗೆ ಗೆರೆಗೆ ಬಂದು ನಿಂತಿತು.